ಹುಡುಗ ಏನು ತಿಂದಿದ್ದ, ಮೊದಲು ಅದನ್ನು ಹೇಳಿ

ಅಮಲಿನ ಪದಾರ್ಥ ತಿಂದು ತಲೆಕೆಟ್ಟವರಂತೆ ಆಡುವ ಹುಡುಗರನ್ನು ಕರೆತಂದಾಗ ಮನೆಯವರ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ನಮ್ಮ ಹುಡುಗ ಅಂಥವನಲ್ಲ ಸಾರ್." ಇರಬಹುದು. ಆದರೆ ಕೋಲಾರದಲ್ಲಿ ಮನೋವೈದ್ಯನಾಗಿ ನಾನು ಯಾವ ಇಂಜೆಕ್ಷನ್ ಕೊಡಬೇಕು, ಯಾವುದನ್ನು ಕೊಡಲೇಬಾರದು ಎನ್ನುವುದು ಅವನು ತಿಂದದ್ದೇನು ಎಂಬುದರ ಮೇಲೆ ನಿಂತಿರುತ್ತದೆ.

ಉಮ್ಮತ್ತಿಯನ್ನೇ ತಗೊಳ್ಳಿ. ಬೇಲಿ ಸಾಲಲ್ಲಿ, ತಿಪ್ಪೆ ಪಕ್ಕದಲ್ಲಿ ತಾನಾಗಿ ಬೆಳೆಯುವ ಗಿಡ. ಶಿವರಾತ್ರಿಗೆ ಪೂಜೆಗೂ ಸಲ್ಲುತ್ತದೆ. ದುಡ್ಡು ಬೇಡ, ಪೊಲೀಸರ ಭಯವಿಲ್ಲ, 'ನ್ಯಾಚುರಲ್' ಎಂಬ ಭಂಡಧೈರ್ಯ ಬೇರೆ. ಬೀಜದಲ್ಲಿರುವುದು ಅಟ್ರೋಪಿನ್, ಸ್ಕೋಪೊಲಮಿನ್ ಎಂಬ ವಿಷಗಳು. ಮುಳಬಾಗಿಲು ಕಡೆಯ ಒಬ್ಬ ಹುಡುಗ (ಗುರುತು ಬದಲಿಸಿದ್ದೇನೆ) ಮಂಚದ ಮೇಲೆ ಕೂತು ಇಲ್ಲದ ಬೀಡಿಗೆ ಇಲ್ಲದ ಕಡ್ಡಿ ಗೀರುತ್ತಿದ್ದ. ನಡುನಡುವೆ ಹೊದಿಕೆಯಿಂದ ಏನನ್ನೋ ಹೆಕ್ಕಿ ತಾಯಿಯ ಕೈಗೆ ಕೊಡುತ್ತಿದ್ದ. "ಗಾಳಿ ಸೋಕೈತೆ ಸ್ವಾಮಿ, ತಾಯತ ಕಟ್ಟಿಸ್ದೆ, ಬಿಡ್ಲಿಲ್ಲ" ಎಂದರು ಆಯಮ್ಮ. ಟಾರ್ಚ್ ಬಿಟ್ಟರೂ ಕಣ್ಣಿನ ಪಾಪೆ ಕಿರಿದಾಗಲಿಲ್ಲ. ಮೈ ಸುಡುತ್ತಿತ್ತು, ಬೆವರಿನ ಹನಿಯಿಲ್ಲ, ನಾಲಿಗೆ ಒಣಗಿತ್ತು, ಮೂತ್ರ ಕಟ್ಟಿ ಕಿಬ್ಬೊಟ್ಟೆ ಉಬ್ಬಿತ್ತು.

ಇಂಥವನ ಗಲಾಟೆ ನಿಲ್ಲಿಸಲೆಂದು ಕ್ಲೋರ್‌ಪ್ರೊಮಜಿನ್ ಎಂಬ ಮನೋರೋಗದ ಔಷಧಿ ಚುಚ್ಚಿದರೆ ಕೆಟ್ಟಿತು. ಉಮ್ಮತ್ತಿಯಂತೆ ಅದೂ ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ನನ್ನು ತಡೆಯುತ್ತದೆ, ವಿಷಕ್ಕೆ ಬಲ ಕೊಡುತ್ತದೆ. ಬೇಕಾದ್ದು ಶಮನಕ್ಕೆ ಲೊರಾಜೆಪಾಮ್ ಔಷಧಿ, ಡ್ರಿಪ್, ಮೂತ್ರಕ್ಕೆ ಪೈಪು, ತಣ್ಣೀರಲ್ಲಿ ಮೈ ಒರೆಸುವುದು, ಇಸಿಜಿ. ಫೈಸೋಸ್ಟಿಗ್ಮಿನ್ ಎಂಬ ಪ್ರತಿವಿಷವಿದೆ, ಆದರೆ ನಮ್ಮ ಕಡೆ ಸಿಗುವುದು ಅಪರೂಪ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಬುದ್ಧಿ ತಿಳಿಯಾಗುತ್ತದೆ. ಕಣ್ಣು ಮಾತ್ರ ಇನ್ನೂ ಕೆಲವು ದಿನ ಮಂಜು.

ಭ್ರಮೆ ಹುಟ್ಟಿಸುವ ಮಾದಕ ಎಲ್‌ಎಸ್‌ಡಿ ಕತೆ ಬೇರೆ. ನಾಲಿಗೆ ಮೇಲಿಡುವ ಚೂರು ಪೇಪರ್, ಹುಡುಗರ ಬಾಯಲ್ಲಿ 'ಸ್ಟ್ಯಾಂಪ್'. ಒಂದು ಮಿಲಿಗ್ರಾಂನ ಹತ್ತನೇ ಒಂದು ಪಾಲು ಸಾಕು, 8ರಿಂದ 12 ಗಂಟೆ ಅಮಲು. ಆ ಹೊತ್ತಲ್ಲಿ ಹೆದರಿ ಕಂಗಾಲಾದವನಿಗೆ ಮಂದ ಬೆಳಕಿನ ಕೋಣೆ, ಪಕ್ಕದಲ್ಲಿ ಗುರುತಿನವರೊಬ್ಬರು, ಬೇಕಾದರೆ ಲೊರಾಜೆಪಾಮ್ ಸಾಕು. ಸುತ್ತ ನಾಲ್ಕು ಜನ ನಿಂತು ಗದರಿದರೆ ಹೆದರಿಕೆ ಇಮ್ಮಡಿ. ಮರುದಿನಕ್ಕೆ ಸರಿಹೋದರೆ ಅದು ಅಮಲು, ಅಷ್ಟೇ. ನಾಲ್ಕೈದು ದಿನ ಕಳೆದರೂ "ನನ್ನ ಮಾತು ಕದ್ದು ಕೇಳ್ತಾವ್ರೆ" ಎಂದು ಸಿಮ್ ಕಿತ್ತು ರಾಗಿಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದರೆ ಅದು ಸೈಕೋಸಿಸ್, ಅಂದರೆ ನಿಜ ಯಾವುದು ಭ್ರಮೆ ಯಾವುದು ತಿಳಿಯದ ಸ್ಥಿತಿ. ಆಗ ರಿಸ್ಪೆರಿಡೋನ್ ಅಥವಾ ಒಲಾಂಜಪೈನ್ ಮಾತ್ರೆ ಶುರು ಮಾಡುತ್ತೇವೆ.

ಮಾಮೂಲಿ ಮೂತ್ರದ ಕಿಟ್‌ನಲ್ಲಿ ಉಮ್ಮತ್ತಿಯೂ ಕಾಣದು, ಎಲ್‌ಎಸ್‌ಡಿಯೂ ಕಾಣದು. ಹಾಗಾಗಿ ಜೊತೆಗಿದ್ದ ಗೆಳೆಯನನ್ನು ಕಾರಿಡಾರ್‌ಗೆ ಕರೆದು, ದೊಡ್ಡವರನ್ನು ದೂರವಿಟ್ಟು ಕೇಳುತ್ತೇನೆ. ಐದು ನಿಮಿಷದಲ್ಲಿ ಬಾಯಿ ಬಿಡುತ್ತಾನೆ. ಮುಚ್ಚಿಡುವುದು ಕೇಸಿನ ಭಯಕ್ಕೆ. ರೋಗಿಯ ಮಾಹಿತಿ ಗುಟ್ಟಾಗಿರಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಎನ್‌ಡಿಪಿಎಸ್ (ಮಾದಕವಸ್ತು) ಕಾಯ್ದೆಯ 64ಎ ಕಲಂ ಅವನಿಗೆ ರಕ್ಷಣೆಯನ್ನೂ ಕೊಡುತ್ತದೆ.

ನನಗೆ ನಿಜವಾದ ತಲೆನೋವು ಇದರ ನಂತರದ್ದು. ಹುಡುಗ ಸರಿಹೋದ, ಇನ್ನೇನು ಎಂದು ಎರಡನೇ ಭೇಟಿಗೆ ಬರುವುದಿಲ್ಲ. ಒಂದು ದಿನದ ಕೂಲಿ ಹೋಗುತ್ತೆ, ಅದೂ ನಿಜವೇ. ಆದರೆ 2020ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ಎಲ್‌ಎಸ್‌ಡಿಯಂಥ ಭ್ರಮೆಕಾರಕಗಳಿಂದ ಸೈಕೋಸಿಸ್ ಆದವರಲ್ಲಿ ಶೇ. 26ರಷ್ಟು ಮಂದಿಗೆ ಮುಂದೆ ಸ್ಕಿಜೋಫ್ರೇನಿಯಾ ಎಂಬ ದೀರ್ಘಕಾಲದ ಮನೋರೋಗ ಕಾಣಿಸಿಕೊಂಡಿದೆ. ಗಾಂಜಾದಲ್ಲಿ ಅದು ಶೇ. 34. ಯಾರು ಆ ಗುಂಪಿಗೆ ಸೇರುತ್ತಾರೆಂದು ಮೊದಲ ವಾರದಲ್ಲಿ ನನಗಾಗಲಿ ಇನ್ನೊಬ್ಬರಿಗಾಗಲಿ ಹೇಳಲಾಗದು. ಮನೆತನದಲ್ಲಿ ಯಾರಿಗಾದರೂ ಕಾಯಿಲೆ ಇತ್ತೇ, ಒಂದು ತಿಂಗಳಾದರೂ ಅನುಮಾನ ಉಳಿದಿದೆಯೇ, ಒಬ್ಬನೇ ಮಾತಾಡುತ್ತಾನೆಯೇ, ಸ್ನಾನ ಬಿಟ್ಟಿದ್ದಾನೆಯೇ ಎಂದು ಕೇಳುತ್ತಾ ಹೋಗಬೇಕು, ಕನಿಷ್ಠ ಆರು ತಿಂಗಳು. ಮಾತ್ರೆ ನಿಲ್ಲಿಸುವುದನ್ನೂ ಆ ಭೇಟಿಗಳಲ್ಲೇ ತೀರ್ಮಾನಿಸುತ್ತೇವೆ. ಬರಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.