ಬೈನೆ ಮರಕ್ಕೆ ಬಂದಿರುವುದು ರೋಗವಲ್ಲ

ಪ್ರತಿ ವರ್ಷ ನಾಲ್ಕೈದು ಫೋನಾದರೂ ಬರುತ್ತವೆ. "ಸಾರ್, ತೋಟದ ಅಂಚಿನ ಬೈನೆ ಮರ ಒಣಗ್ತಾ ಇದೆ. ಏನು ಹೊಡೀಲಿ?" ಹೂ ಬಿಡಲು ಶುರುವಾಗಿ ಎಷ್ಟು ವರ್ಷ ಆಯ್ತು ಎಂದು ಕೇಳುತ್ತೇನೆ. "ಐದಾರು ಆಗಿರಬೇಕು. ಅದಕ್ಕೂ ಇದಕ್ಕೂ ಏನು ಸಂಬಂಧ?"

ಸಂಬಂಧ ಇರುವುದೇ ಅಲ್ಲಿ ಮಾರಾಯ್ರೆ.

ನಾವು ಅಡಿಕೆ, ತೆಂಗು ನೋಡಿ ಬೆಳೆದವರು. ಅವು ವರ್ಷವೂ ಹಿಂಗಾರ ಬಿಡುತ್ತವೆ, ಮತ್ತೆ ಬೆಳೆಯುತ್ತವೆ. ಬೈನೆಯೂ ಅವುಗಳಂತೆ ತಾಳೆ ಜಾತಿಯದೇ, ಆದರೆ ಹಾಗಲ್ಲ. ಹತ್ತು ಹದಿನೈದು ವರ್ಷ ಸುಮ್ನೆ ಎತ್ತರ ಹೋಗುತ್ತಾ, ದುಡಿದದ್ದನ್ನೆಲ್ಲ ಹಿಟ್ಟು ಮಾಡಿ ಕಾಂಡದೊಳಗೆ ತುಂಬಿಕೊಳ್ಳುತ್ತದೆ. ಆಮೇಲೆ ತುದಿಯಲ್ಲಿ ಮೊದಲ ಹೂಗೊನೆ, ಕುದುರೆ ಬಾಲದಂತೆ ಇಳಿಬೀಳುತ್ತದೆ. ಮುಂದಿನದು ಅದರ ಕೆಳಗೆ. ಅದರ ಮುಂದಿನದು ಇನ್ನೂ ಕೆಳಗೆ. ಹೊಸ ಎಲೆ ಬರುವುದು ಅಲ್ಲಿಗೇ ನಿಂತಿತು. ಕೂಡಿಟ್ಟ ಹಿಟ್ಟು ಕರಗಿ ಹೂವಿಗೂ ಕಾಯಿಗೂ ಹೋಗುತ್ತದೆ. ಕೊನೆಯ ಗೊನೆ ಮುಗಿದರೆ ಮರವೂ ಮುಗಿಯಿತು. ಬಾಳೆ ಗೊನೆ ಹಾಕಿ ಸತ್ತರೆ ಯಾರೂ ಔಷಧಿ ಹುಡುಕುವುದಿಲ್ಲ, ಅಲ್ವಾ? ಇದೂ ಹಾಗೇ. ಬಾಳೆಗಾದರೆ ಕಂದು ಇರುತ್ತದೆ, ಬೈನೆಗೆ ಅದೂ ಇಲ್ಲ.

ಒಬ್ಬರು ಮರ ಹತ್ತಿಸಿ ಎರಡು ಸಲ ಬೋರ್ಡೋ, ಅಂದರೆ ಅಡಿಕೆಗೆ ಹೊಡೆಯುವ ಸುಣ್ಣ-ಮೈಲುತುತ್ತದ ದ್ರಾವಣ, ಹೊಡೆಸಿದ್ದರು. ಕೊಳೆರೋಗ ಇರಬಹುದು ಅಂತ! ಕೂಲಿ ಹೋಯಿತು, ಸುಣ್ಣ ಮೈಲುತುತ್ತ ಹೋಯಿತು, ಮರವೂ ಹೋಯಿತು. ಹಾಗಂತ ಬೈನೆಗೆ ರೋಗವೇ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಇನ್ನೂ ಹೂ ಬಿಡದ ಮರ ಒಣಗಿದರೆ ಖಂಡಿತ ಕರೆಯಿರಿ, ಬಂದು ನೋಡುತ್ತೇನೆ.

ಆ ಬೋರ್ಡೋ ಹೊಡೆಸಿದವರ ಮನೆಯಲ್ಲೇ ಎಂಬತ್ತು ದಾಟಿದ ಅಮ್ಮ ಒಬ್ಬರಿದ್ದರು. ಜಗಲಿಯಿಂದಲೇ ನಕ್ಕರು. "ಹೂ ಬಿಡೋ ಮೊದಲೇ ಕಡಿದಿದ್ರೆ ಒಂದು ಮಳೆಗಾಲದ ಗಂಜಿ ಆಗ್ತಿತ್ತು." ಅವರು ಹೇಳಿದ್ದೇ ಸರಿ. ಕಾಂಡ ಸೀಳಿ, ತಿರುಳು ಜಜ್ಜಿ, ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತ ಹಿಟ್ಟನ್ನು ಒಣಗಿಸುವುದು. ಕೂವೆ ಹಿಟ್ಟು ತೆಗೆದವರಿಗೆ ಕೈ ತಾನೇ ಬರುತ್ತದೆ. ಆದರೆ ಕಾಯಿ ಬಿಟ್ಟು ದಣಿದ ಮರ ಕಡಿದರೆ ಸಿಗುವುದು ನಾರೇ ಜಾಸ್ತಿ.

ಹೂ ಬಿಟ್ಟ ಮರದಿಂದ ಸಿಗುವುದು ರಸ. ಹೂಗೊನೆಯನ್ನು ಕೆತ್ತಿ ಇಳಿಸಿದ ಈ ರಸವೇ ಹುಳಿ ಬಂದರೆ ಕಳ್ಳು, ಕಾಯಿಸಿದರೆ ಬೆಲ್ಲ. ಶ್ರೀಲಂಕಾದಲ್ಲಿ ಇದೇ ಮರಕ್ಕೆ ಕಿತುಲ್ ಎನ್ನುತ್ತಾರೆ. ಅದರ ಜೋನಿಬೆಲ್ಲವನ್ನು ಎಮ್ಮೆ ಮೊಸರಿನ ಮೇಲೆ ಸುರಿದುಕೊಂಡು ತಿನ್ನುತ್ತಾರೆ. ನಮ್ಮಲ್ಲಿ ರಸ ಇಳಿಸುವ ಮೊದಲು ಅಬಕಾರಿ ನಿಯಮ ಕೇಳಿಕೊಳ್ಳಿ. ಆ ವಿಷಯಕ್ಕೆ ನನ್ನನ್ನು ಎಳೆಯಬೇಡಿ.

ಹಣ್ಣು ಮಾತ್ರ ಬೇಡ. ಕೆಂಪಗೆ ಚೆಂದ ಕಾಣುತ್ತದೆ, ಆದರೆ ಸಿಪ್ಪೆಯೊಳಗಿನ ತಿರುಳಿನಲ್ಲಿ ಆಕ್ಸಲೇಟ್ ಎಂಬ ಲವಣದ, ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಿರುತ್ತವೆ. ಮುಟ್ಟಿದ ಕೈ ಉರಿಯುತ್ತದೆ. ಕ್ಯಾರಿಯೋಟಾ ಯೂರೆನ್ಸ್ ಎಂಬ ಬೈನೆಯ ವೈಜ್ಞಾನಿಕ ಹೆಸರಿನಲ್ಲಿ ಯೂರೆನ್ಸ್ ಎಂದರೇ ಉರಿಸುವಂಥದ್ದು. ಅದನ್ನು ಪುನುಗು ಬೆಕ್ಕಿಗೆ ಬಿಡಿ. ತಿಂದು ಎಲ್ಲೆಲ್ಲೋ ಬೀಜ ಹಾಕಿ ಹೋಗುತ್ತದೆ. ಬೋರ್ಡೋ ಹೊಡೆಸಿದವರ ಹಿತ್ತಿಲಲ್ಲೇ ಆ ದಿನ ಮೂರು ಸಸಿ ತೋರಿಸಿ ಬಂದೆ. ಕಳೆ ಅಂತ ಕಿತ್ತಿದ್ದಾರೋ ಏನೋ.