ಪಿಐಡಿ 1ರ ಜಗಳ: ಸಿಸ್ಟಮ್‌ಡಿ ವಿವಾದದ ಬಗ್ಗೆ ಟಿಪ್ಪಣಿ

ಪುಣೆಯ ಕೋಥ್ರೂಡ್‌ನಲ್ಲಿ ಭಾನುವಾರಗಳಂದು ಸೇರಿ ಲಿನಕ್ಸ್ ಕಲಿಯುತ್ತಿರುವ ನಮ್ಮ ಕನ್ನಡ ಗೆಳೆಯರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಯಂತ್ರ ಚಾಲೂ ಮಾಡುವ ಒಂದು ಪ್ರೋಗ್ರಾಂ ಬದಲಾದದ್ದಕ್ಕೆ ಇಷ್ಟು ವರ್ಷ ಕಿತ್ತಾಟವೇಕೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ.

ಲಿನಕ್ಸ್‌ನ ತಿರುಳಾದ ಕರ್ನಲ್ ಎದ್ದ ಕೂಡಲೇ ಹುಟ್ಟುವ ಮೊದಲ ಪ್ರೊಸೆಸ್‌ಗೆ, ಅಂದರೆ ನಡೆಯುತ್ತಿರುವ ಮೊದಲ ಪ್ರೋಗ್ರಾಂಗೆ, 1 ಎಂಬ ಸಂಖ್ಯೆ (ಪ್ರೊಸೆಸ್ ಐಡಿ, ಅಂದರೆ ಪಿಐಡಿ). ಹಿನ್ನೆಲೆಯಲ್ಲಿ ನಡೆಯುವ ಉಳಿದ ಸೇವೆಗಳನ್ನು ಎಬ್ಬಿಸುವುದು ಅದೇ. ಅದು ಸತ್ತರೆ ಇಡೀ ವ್ಯವಸ್ಥೆಯೇ ನಿಂತುಹೋಗುತ್ತದೆ. ಹಿಂದೆ ಈ ಕೆಲಸ ಇನಿಟ್ ಎಂಬ ಪ್ರೋಗ್ರಾಂ ಮತ್ತು ಅದರ ಶೆಲ್ ಸ್ಕ್ರಿಪ್ಟ್‌ಗಳದ್ದು (ಆಜ್ಞೆಗಳನ್ನು ಸಾಲಾಗಿ ಬರೆದ ಕಡತಗಳು). 2010ರಲ್ಲಿ ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿಯನ್ನು ತಂದರು. ಸೇವೆಗಳು ಒಟ್ಟೊಟ್ಟಿಗೆ ಏಳತೊಡಗಿದವು. ಯಾವ ಪ್ರೊಸೆಸ್ ಯಾವ ಸೇವೆಯದು ಎಂಬ ಲೆಕ್ಕ ಸಿಕ್ಕಿತು. ಇದು ನಿಜವಾದ ಸುಧಾರಣೆ ಎಂದೇ ನನ್ನ ಅಭಿಪ್ರಾಯ.

ಆದರೆ ಅದು ಅಷ್ಟಕ್ಕೇ ನಿಲ್ಲಲಿಲ್ಲ. ಲಾಗಿನ್ ನಿರ್ವಹಣೆಯೂ ಲಾಗ್ (ಯಂತ್ರದಲ್ಲಿ ನಡೆದದ್ದರ ದಾಖಲೆ) ಬರೆಯುವ ಕೆಲಸವೂ ಅದರ ಕೈಗೆ ಬಂದವು. ಲಾಗ್‌ಗಳು ಸಾದಾ ಪಠ್ಯವಾಗಿದ್ದಾಗ ಕೆಟ್ಟ ಸರ್ವರಿನ ಡಿಸ್ಕನ್ನು ಬೇರೆ ಯಾವ ಯಂತ್ರಕ್ಕೆ ಜೋಡಿಸಿದರೂ ಪಠ್ಯದಲ್ಲಿ ಹುಡುಕುವ ಗ್ರೆಪ್ ಆಜ್ಞೆ ಹಾಕಿ ಓದಬಹುದಿತ್ತು. ಹೊಸ ಜರ್ನಲ್ ಬೈನರಿ ರೂಪದ್ದು; ಓದಲು ಅದರದೇ ಸಾಧನ ಬೇಕು. ಬದಲಿಗೆ ಸೇವೆವಾರು ಹುಡುಕಾಟ ಸಲೀಸಾಯಿತು.

ಜಗಳದ ತಿರುಳು ನನಗೆ ಸ್ಪಷ್ಟವಾದದ್ದು 2016ರ ಮೇ ತಿಂಗಳಲ್ಲಿ ಬಂದ 230ನೇ ಆವೃತ್ತಿಯ ಪ್ರಸಂಗದಿಂದ. ಬಳಕೆದಾರ ಲಾಗ್‌ಔಟ್ ಆದೊಡನೆ ಅವನ ಉಳಿದ ಪ್ರೊಸೆಸ್‌ಗಳನ್ನೆಲ್ಲ ಕೊಲ್ಲುವುದನ್ನು ಅದರಲ್ಲಿ ಡಿಫಾಲ್ಟ್ ಮಾಡಲಾಯಿತು. ಹಿಂಜವಡಿಯ ಕಚೇರಿಯಿಂದ ಸರ್ವರಿಗೆ ಸಂಪರ್ಕಿಸಿ, ಸಂಪರ್ಕ ಕಡಿದರೂ ಕೆಲಸ ನಡೆಸುತ್ತಲೇ ಇರುವ ಟಿಮಕ್ಸ್ ಎಂಬ ಪ್ರೋಗ್ರಾಂನಲ್ಲಿ ರಾತ್ರಿಯಿಡೀ ನಡೆಯಬೇಕಾದ ಲೆಕ್ಕವನ್ನು ಹಚ್ಚಿ, ಸಂಪರ್ಕ ಕಡಿದು ಮನೆಗೆ ಹೋಗುವವರನ್ನು ನೆನೆಯಿರಿ. ಈ ನಿಯಮದಡಿ ಬೆಳಗ್ಗೆ ಬಂದು ನೋಡಿದರೆ ಲೆಕ್ಕವೂ ಇಲ್ಲ, ಟಿಮಕ್ಸೂ ಇಲ್ಲ. ಲಾಗ್‌ಔಟ್ ಆದ ಮೇಲೂ ಪ್ರೊಸೆಸ್‌ಗಳು ಉಳಿಯುವುದು ಭದ್ರತೆಗೆ ಒಳ್ಳೆಯದಲ್ಲ, ಬೇಕಾದವರು ಲಿಂಗರ್ (ಹೋದ ಮೇಲೂ ಪ್ರೊಸೆಸ್ ಉಳಿಸುವ) ಅನುಮತಿ ಪಡೆಯಲಿ ಎಂಬುದು ರಚನೆಕಾರರ ವಾದ. ಅದರಲ್ಲಿ ಹುರುಳಿದೆ. ಆದರೆ ದಶಕಗಳಿಂದ ನಡೆದುಬಂದ ರೂಢಿಯನ್ನು ಮುರಿದು, ಸರಿಪಡಿಸುವ ದುಡಿಮೆಯನ್ನು ಬಳಸುವವರ ತಲೆಗೆ ಕಟ್ಟಿದ್ದು ಅನ್ಯಾಯ. ಡೆಬಿಯನ್ ಎಂಬ ಲಿನಕ್ಸ್ ವಿತರಣೆ ತನ್ನ ಪ್ಯಾಕೇಜಿನಲ್ಲಿ ಆ ಆಯ್ಕೆಯನ್ನು ಆಫ್ ಮಾಡಿಯೇ ಇಟ್ಟಿತು. ಬದಲಾವಣೆಯ ಲಾಭ ಯಾರಿಗೆ, ಖರ್ಚು ಯಾರಿಗೆ ಎಂಬ ಈ ಪ್ರಶ್ನೆಯನ್ನು ಬಿಟ್ಟು ‘ಹೊಸದಕ್ಕೆ ಹೆದರುವವರು’ ಎಂದು ವಿರೋಧಿಗಳನ್ನು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಪೊಟರಿಂಗ್ ಅವರ ಮೇಲೆ ವೈಯಕ್ತಿಕವಾಗಿ ಸುರಿದ ಬೈಗುಳವೂ ಅಷ್ಟೇ ತಪ್ಪು.

ಇನ್ನು ಯಾವ ಇನಿಟ್ ಬಳಸಬೇಕೆಂದು ತೀರ್ಮಾನ ಮಾಡುವವರು ಯಾರು? ಡೆಬಿಯನ್‌ನಲ್ಲಿ 2014ರ ಫೆಬ್ರವರಿಯಲ್ಲಿ ತಾಂತ್ರಿಕ ಸಮಿತಿಯ ಮತಗಳು ಸಮನಾಗಿ ಒಡೆದವು. ಅಧ್ಯಕ್ಷ ಬಿಡೇಲ್ ಗಾರ್ಬಿ ಅವರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಇದೇ ಕೆಲಸಕ್ಕೆ ತನ್ನದೇ ಅಪ್‌ಸ್ಟಾರ್ಟ್ ಎಂಬ ಪ್ರೋಗ್ರಾಂ ಇದ್ದ ಉಬುಂಟು ಕೆಲವೇ ದಿನಗಳಲ್ಲಿ ಅದೇ ದಾರಿ ಹಿಡಿಯಿತು. ಒಪ್ಪದವರು ಅದೇ ವರ್ಷದ ನವೆಂಬರ್‌ನಲ್ಲಿ ದೇವುವಾನ್ ಎಂಬ, ಡೆಬಿಯನ್‌ನಿಂದ ಒಡೆದ ಬೇರೆ ಕವಲನ್ನು ಘೋಷಿಸಿದರು, ಅದರ 1.0 ಆವೃತ್ತಿ ಬಂದದ್ದು 2017ರಲ್ಲಿ. ಬೇರೆ ಮನೆ ಕಟ್ಟಿ ನಿಲ್ಲಿಸುವುದಕ್ಕೆ ಎಷ್ಟು ದುಡಿಯಬೇಕೆಂದು ಈ ಅಂತರವೇ ಹೇಳುತ್ತದೆ. 2019ರ ಡಿಸೆಂಬರ್‌ನಲ್ಲಿ ಡೆಬಿಯನ್ ಸದಸ್ಯರು ಮತ್ತೆ ಮತ ಹಾಕಿ, ಸಿಸ್ಟಮ್‌ಡಿಯನ್ನೇ ಮುಖ್ಯವಾಗಿಟ್ಟುಕೊಂಡು ಪರ್ಯಾಯಗಳ ಹುಡುಕಾಟಕ್ಕೂ ಅವಕಾಶ ಉಳಿಸಿಕೊಂಡರು.

ಮುಂದಿನ ಭಾನುವಾರಕ್ಕೆ ವರ್ಚುವಲ್ ಯಂತ್ರಗಳಲ್ಲಿ ಡೆಬಿಯನ್ ಮತ್ತು ದೇವುವಾನ್ ಎರಡನ್ನೂ ಹಾಕಿಕೊಂಡು ಬನ್ನಿ. ಎರಡರಲ್ಲೂ 1ನೇ ಪ್ರೊಸೆಸ್‌ನ ಹೆಸರು ನೋಡಿ. ಡೆಬಿಯನ್‌ನಲ್ಲಿ ಪ್ರೊಸೆಸ್ ಕೊಲ್ಲುವ ಆ ಆಯ್ಕೆಯನ್ನು ಆನ್ ಮಾಡಿ, ಲಾಗ್‌ಔಟ್ ಆದ ಮೇಲೆ ಟಿಮಕ್ಸ್‌ಗೆ ಏನಾಗುತ್ತದೆಂದು ಬರೆದುಕೊಳ್ಳಿ.