ಮುಖ್ಯೋಪಾಧ್ಯಾಯರ ಬಗ್ಗೆ ಯಾರನ್ನು ಕೇಳಬೇಕು?

‘ನಿಮ್ಮ ಶಿಕ್ಷಕರ ಭಾವನೆಗಳು ನಿಮಗೆ ಅರ್ಥವಾಗುತ್ತವೆಯೇ?’ ಎಂದು ಮುಖ್ಯೋಪಾಧ್ಯಾಯರೊಬ್ಬರನ್ನು ಕೇಳಿದರೆ ‘ಇಲ್ಲ’ ಎನ್ನುವವರು ಅಪರೂಪ. ಅದೇ ಪ್ರಶ್ನಾವಳಿಯಲ್ಲಿ ‘ನೀವು ಸಮರ್ಥ ನಾಯಕರೇ?’ ಎಂದು ಕೇಳಿದರೂ ಉತ್ತರ ಹೌದೇ. ಎರಡನ್ನೂ ಜೋಡಿಸಿ, ಭಾವನಾತ್ಮಕ ಬುದ್ಧಿಮತ್ತೆ ಇದ್ದವರು ಒಳ್ಳೆಯ ನಾಯಕರು ಎಂದು ತೀರ್ಮಾನಿಸುವುದು ಸುಲಭ. ನನಗೆ ಆತಂಕ ಹುಟ್ಟಿಸುವುದು ಈ ಸುಲಭದ ದಾರಿಯೇ.

2010ರಲ್ಲಿ ಹಾರ್ಮ್ಸ್ ಮತ್ತು ಕ್ರೆಡೆ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಭಾವನಾತ್ಮಕ ಬುದ್ಧಿಮತ್ತೆಗೂ ನಾಯಕತ್ವಕ್ಕೂ ಅಂಕ ಕೊಟ್ಟವರು ಒಬ್ಬರೇ ಆಗಿದ್ದಾಗ ಇವೆರಡರ ಸಹಸಂಬಂಧ 0.59 ಬಂದಿತ್ತು. ಬೇರೆ ಬೇರೆಯವರು ಅಂಕ ಕೊಟ್ಟಾಗ ಅದು 0.12ಕ್ಕೆ ಕುಸಿಯಿತು. ಸೊನ್ನೆ ಎಂದರೆ ನಂಟೇ ಇಲ್ಲ, ಒಂದು ಎಂದರೆ ಪೂರ್ಣ ನಂಟು. ಆ ಅಳತೆಯಲ್ಲಿ ಈ ಕುಸಿತ ದೊಡ್ಡದು.

ಹಾಗೆಂದು ಇಡೀ ಕಲ್ಪನೆ ಟೊಳ್ಳಲ್ಲ. 1990ರಲ್ಲಿ ಮನೋವಿಜ್ಞಾನಿಗಳಾದ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ ಇದನ್ನು ಮುಂದಿಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ಒಂದು ಸಾಮರ್ಥ್ಯ: ಭಾವನೆಯನ್ನು ಗುರುತಿಸುವುದು, ಅದರ ಕಾರಣ ತಿಳಿಯುವುದು, ಅದನ್ನು ನಿಭಾಯಿಸುವುದು. ಪ್ರಾರ್ಥನೆ ಮುಗಿದ ಮೇಲೆ ಏದುಸಿರು ಬಿಡುತ್ತಾ ಬರುವ ಶಿಕ್ಷಕಿಯನ್ನು ನೋಡಿ. ಹಾಜರಿ ಪುಸ್ತಕ ಮೇಜಿನ ಮೇಲಿದೆ, ಉಳಿದ ಶಿಕ್ಷಕರ ಕಣ್ಣು ಅತ್ತಲೇ ಇದೆ. ಆಕೆಯ ಮುಖದಲ್ಲಿರುವುದು ಉಡಾಫೆಯೋ ಗಾಬರಿಯೋ ಎಂದು ಮುಖ್ಯೋಪಾಧ್ಯಾಯರು ಓದಬೇಕು. ತಮ್ಮೊಳಗೆ ಏರುತ್ತಿರುವ ಸಿಟ್ಟನ್ನೂ ಗಮನಿಸಬೇಕು. ಎಲ್ಲರೆದುರು ಗದರಿದರೆ ನಾಳೆಯಿಂದ ಆಕೆ ಸಮಯಕ್ಕೆ ಬರಬಹುದು, ಆದರೆ ತರಗತಿಯ ತೊಡಕನ್ನು ಅವರ ಬಳಿ ಇನ್ನೆಂದೂ ಹೇಳಿಕೊಳ್ಳಲಿಕ್ಕಿಲ್ಲ.

ಸಿಟ್ಟನ್ನು ನುಂಗಿ ಮುಖ ಗಂಟಿಕ್ಕದೆ ಕುಳಿತರೆ ಸಾಕೇ? ಸಾಲದು. 2003ರಲ್ಲಿ ಪ್ರಕಟವಾದ ಎಮಿಲಿ ಬಟ್ಲರ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಪರಸ್ಪರ ಅಪರಿಚಿತರಾದ ಮಹಿಳೆಯರನ್ನು ಜೋಡಿಯಾಗಿ ಕೂರಿಸಿ, ಮನಕಲಕುವ ಚಿತ್ರವೊಂದನ್ನು ತೋರಿಸಿ, ಅದರ ಬಗ್ಗೆ ಮಾತನಾಡಲು ಹೇಳಲಾಯಿತು. ಕೆಲವು ಜೋಡಿಗಳಲ್ಲಿ ಒಬ್ಬರಿಗೆ ಮಾತ್ರ ಭಾವನೆ ತೋರಗೊಡಬೇಡಿ ಎಂಬ ಗುಟ್ಟಿನ ಸೂಚನೆ ಇತ್ತು. ಅಂಥ ಜೋಡಿಗಳಲ್ಲಿ ಎದುರು ಕುಳಿತವರ ರಕ್ತದೊತ್ತಡವೂ ಏರಿತು. ನಿರ್ಭಾವದ ಮುಖ ಎದುರಿನವರಿಗೆ ನೆಮ್ಮದಿ ಕೊಡುವುದಿಲ್ಲ. ಸಂದರ್ಭವನ್ನೇ ಬೇರೆ ಕಣ್ಣಿನಿಂದ ನೋಡಿ ಸಿಟ್ಟನ್ನು ಮೊಳಕೆಯಲ್ಲೇ ತಗ್ಗಿಸುವುದು ಮೇಲು ಎಂದು ಈ ಬಗೆಯ ಸಂಶೋಧನೆಗಳು ಹೇಳುತ್ತವೆ. ‘ಮಗುವಿಗೆ ಜ್ವರವಿದ್ದಿರಬಹುದು’ ಎಂಬ ಒಂದು ಯೋಚನೆ ಆ ಕೆಲಸ ಮಾಡಬಲ್ಲದು.

ಇದರಿಂದ ಮಕ್ಕಳ ಕಲಿಕೆಗೆ ಏನಾಗುತ್ತದೆ? ಹತ್ತಿರದ ಉತ್ತರ ಷಿಕಾಗೊದಲ್ಲಿದೆ. ಸಂಶೋಧಕರಾದ ಆಂಥೊನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ 1990ರ ದಶಕದಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಗಳನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಅವರು ಅಳೆದದ್ದು ಭಾವನಾತ್ಮಕ ಬುದ್ಧಿಮತ್ತೆಯನ್ನಲ್ಲ, ನಂಬಿಕೆಯನ್ನು: ಪ್ರಾಂಶುಪಾಲರು ನಮ್ಮ ಮಾತಿಗೆ ಕಿವಿಗೊಡುತ್ತಾರೆಯೇ, ನಮ್ಮ ಒಳಿತನ್ನು ಬಯಸುತ್ತಾರೆಯೇ, ಕೊಟ್ಟ ಮಾತು ಉಳಿಸಿಕೊಳ್ಳುತ್ತಾರೆಯೇ. ಇದಕ್ಕೆ ಉತ್ತರಿಸಿದವರು ಶಿಕ್ಷಕರು. 1997ರ ಹೊತ್ತಿಗೆ ನಂಬಿಕೆ ಬಲವಾಗಿದ್ದ ಶಾಲೆಗಳಲ್ಲಿ ಎರಡಕ್ಕೆ ಒಂದು ಓದು ಮತ್ತು ಗಣಿತದಲ್ಲಿ ಸುಧಾರಿಸಿದವುಗಳ ಸಾಲಿನಲ್ಲಿತ್ತು. ನಂಬಿಕೆ ತೀರಾ ದುರ್ಬಲವಾಗಿದ್ದ ಕಡೆ ಏಳಕ್ಕೆ ಒಂದು ಮಾತ್ರ. 1994ರಲ್ಲೂ 1997ರಲ್ಲೂ ನಂಬಿಕೆ ಕುಸಿದೇ ಇದ್ದ ಶಾಲೆಗಳು ಸುಧಾರಿಸುವ ಸಾಧ್ಯತೆ ಹೆಚ್ಚುಕಡಿಮೆ ಇರಲೇ ಇಲ್ಲ.